ಕುರ್ಲಾದ ಫಿಯಾಟೂ ಇಟಲಿಯ ಪಂದ್ಯದ ಗಾಡಿಯೂ

ಕರಾವಳಿಯಿಂದ ಮುಂಬಯಿಗೆ ಬಂದು ನೆಲೆಸಿದ ನಮ್ಮವರಿಗೆ ಕಂಬಳದ ಕೋಣದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅದಕ್ಕೆ ಹುರುಳಿ ಬೇಯಿಸಿ ಹಾಕುತ್ತಾರೆ; ಮೈಗೆ ಎಣ್ಣೆ ತಿಕ್ಕುತ್ತಾರೆ; ಬಿಸಿಲು ತಾಗದಂತೆ ನೋಡಿಕೊಳ್ಳುತ್ತಾರೆ. ವರ್ಷದಲ್ಲಿ ಕೆಲವೇ ದಿನ, ಆ ದಿನಗಳಲ್ಲಿಯೂ ಕೆಲವೇ ಕ್ಷಣ, ಕೆಸರುಗದ್ದೆಯಲ್ಲಿ ಪ್ರಾಣವಿಟ್ಟು ಓಡುವುದಷ್ಟೇ ಅದರ ಕರ್ತವ್ಯ. ಅದೇ ಜಾತಿಯ ಮತ್ತೊಂದು ಕೋಣ ಪಕ್ಕದ ಗದ್ದೆಯಲ್ಲಿ ಮಳೆಯಲ್ಲಿ ನೆನೆಯುತ್ತ ನೇಗಿಲೆಳೆಯುತ್ತದೆ. ಮನೆಯ ಕಣಜ ತುಂಬುವುದು ಎರಡನೆಯದರಿಂದ. ಊರಿನ ಬಾಯಲ್ಲಿ ಹೆಸರು ಉಳಿಯುವುದು ಮೊದಲನೆಯದರದು. ಇದು ನ್ಯಾಯವೋ ಅನ್ಯಾಯವೋ ಎಂದು ಕೋಣಗಳನ್ನು ಯಾರೂ ಕೇಳಿಲ್ಲ.

ಮೋಟಾರುಗಾಡಿಗಳ ಪ್ರಪಂಚದಲ್ಲಿಯೂ ಈ ಎರಡು ಬಗೆಗಳುಂಟು. ಓಟದ ಪಂದ್ಯಕ್ಕೆಂದೇ ಕಟ್ಟಿದ ಗಾಡಿ ಒಂದು. ಕಡಮೆ ಖರ್ಚಿನಲ್ಲಿ ಸಂಸಾರವನ್ನು ಹೊತ್ತು ತಿರುಗುವ ಪುಟ್ಟ ಕಾರು ಇನ್ನೊಂದು. ಮೇಲುನೋಟಕ್ಕೆ ಇವೆರಡಕ್ಕೂ ನಂಟೇನೂ ಕಾಣುವುದಿಲ್ಲ. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಂಬಯಿಯ ಬೀದಿಗಳಲ್ಲಿ ಓಡಾಡಿದ ಫಿಯಾಟ್ ಟ್ಯಾಕ್ಸಿಗೂ, ಜಗತ್ತೇ ಬೆರಗಾಗಿ ನೋಡುವ ಇಟಲಿಯ ಪಂದ್ಯದ ಗಾಡಿಗಳಿಗೂ ರಕ್ತಸಂಬಂಧವಿದೆಯೆಂದರೆ ಅದು ಅಲಂಕಾರದ ಮಾತಲ್ಲ, ಇತಿಹಾಸ. ಈ ಇತಿಹಾಸದಲ್ಲಿ ಕನ್ನಡಿಗರೊಬ್ಬರ ಪಾಲೂ ಇದೆ. ರಾಜ್ಯೋತ್ಸವದ ಸಂದರ್ಭದಲ್ಲಿ ಅದನ್ನು ಸ್ಮರಿಸಿಕೊಳ್ಳುವುದು ಉಚಿತವೇ ಆಗಿದೆ.

ಮೊದಲು ಮುಂಬಯಿಯ ಮಾತು. ಭಾರತದಲ್ಲಿ ಮೋಟಾರುಗಾಡಿಗಳ ಜೋಡಣೆ ಬಹುಮಟ್ಟಿಗೆ ಈ ನಗರದಲ್ಲಿಯೇ ಬೇರೂರಿತು. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1928ರಲ್ಲಿ ಶಿವಡಿಯಲ್ಲಿ ಕಾರ್ಖಾನೆ ತೆರೆಯಿತು. ಫೋರ್ಡ್ ಕಂಪೆನಿಯೂ ಹಿಂದೆಯೇ ಬಂದಿತು. ಆದರೆ ಅಲ್ಲಿ ನಡೆಯುತ್ತಿದ್ದುದು ಹಡಗಿನಲ್ಲಿ ಪೆಟ್ಟಿಗೆಗಳಾಗಿ ಬಂದ ಭಾಗಗಳನ್ನು ಬಿಚ್ಚಿ ಜೋಡಿಸುವ ಕೆಲಸ ಮಾತ್ರ. ಅಡುಗೆಯೆಲ್ಲ ಬೇರೆಯವರ ಮನೆಯಲ್ಲಾಗಿ, ಬಡಿಸುವುದಷ್ಟು ನಮ್ಮ ಪಾಲಿಗೆ ಉಳಿದಂತೆ. ಎಂಜಿನ್ನನ್ನು ಎರಕ ಹೊಯ್ಯುವ ವಿದ್ಯೆ, ಗೇರಿನ ಹಲ್ಲು ಕಡೆಯುವ ವಿದ್ಯೆ ನಮ್ಮ ಕೆಲಸಗಾರರ ಕೈಗೆ ಬರಲೇ ಇಲ್ಲ.

ಈ ಕೊರತೆಯನ್ನು ಕಂಡು ಸುಮ್ಮನಿರದವರಲ್ಲಿ ಅಗ್ರಗಣ್ಯರು ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಕಟ್ಟೆಯಿಂದ ಅವರನ್ನು ನೆನೆಯುವ ನಾವು, ಅವರ ಉದ್ಯೋಗ ಜೀವನ ಆರಂಭವಾದದ್ದು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ, 1884ರಲ್ಲಿ, ಎಂಬುದನ್ನು ಅನೇಕ ವೇಳೆ ಮರೆಯುತ್ತೇವೆ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತೈದರ ಆಸುಪಾಸಿನಲ್ಲಿ, 1935ರಲ್ಲಿ ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಬಂದವರೇ ಮುಂಬಯಿಯಲ್ಲಿ ಒಂದು ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಇತರರು ವಿಶ್ರಾಂತಿಯ ಮಾತಾಡುವ ವಯಸ್ಸಿನಲ್ಲಿ ಆ ಹಿರಿಯರು ಲೆಕ್ಕದ ಕಾಗದಗಳನ್ನು ಹಿಡಿದು ಸರ್ಕಾರದ ಬಾಗಿಲಿಗೂ ಬಂಡವಾಳಗಾರರ ಬಾಗಿಲಿಗೂ ನಡೆದರು.

ಅವರ ಮಾತಿಗೆ ಓಗೊಟ್ಟ ಉದ್ಯಮಿ ವಾಲ್‌ಚಂದ್ ಹೀರಾಚಂದರು. 1937ರಲ್ಲಿ ಅಧಿಕಾರಕ್ಕೆ ಬಂದ ಬಿ. ಜಿ. ಖೇರರ ಮಂತ್ರಿಮಂಡಲವೂ ಸಹಾನುಭೂತಿ ತೋರಿತು. ಆದರೆ 1939ರಲ್ಲಿ ಯುದ್ಧ ಬಂದಿತು, ಮಂತ್ರಿಮಂಡಲ ರಾಜೀನಾಮೆಯಿತ್ತಿತು. ದಿಲ್ಲಿಯ ಪರಕೀಯ ಸರ್ಕಾರಕ್ಕೆ ಇಂಥ ಕಾರ್ಖಾನೆಯಲ್ಲಿ ಆಸಕ್ತಿಯಿರಲಿಲ್ಲ. ವಾಲ್‌ಚಂದರ ಇನ್ನೊಂದು ಸಾಹಸವಾದ ವಿಮಾನದ ಕಾರ್ಖಾನೆ, ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮೋಟಾರಿನ ಕನಸು ಮಾತ್ರ ಕಾಯಬೇಕಾಯಿತು. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಕಂಪೆನಿ ಸ್ಥಾಪನೆಯಾಗಿ, ಕುರ್ಲಾದಲ್ಲಿ ಅದರ ಕಾರ್ಖಾನೆ ಎದ್ದಿತು. ಅಮೆರಿಕದ ಕ್ರೈಸ್ಲರ್ ಕಂಪೆನಿಯ ಸಹಕಾರದಿಂದ 1947ರಲ್ಲಿ ಅಲ್ಲಿಂದ ಡಾಜ್, ಪ್ಲಿಮತ್ ಮೊದಲಾದ ಹೆಸರಿನ ಗಾಡಿಗಳು ಹೊರಬಿದ್ದವು.

ಇವು ದೊಡ್ಡ ಗಾಡಿಗಳು. ದೊಡ್ಡ ಹೊಟ್ಟೆಯ ಗಾಡಿಗಳು. ಅಮೆರಿಕದ ಅಗಲವಾದ ರಸ್ತೆಗೂ ಅಗ್ಗದ ಪೆಟ್ರೋಲಿಗೂ ಹುಟ್ಟಿದ ಮೈ ಅದು. ಆಗತಾನೇ ಸ್ವತಂತ್ರವಾದ, ಹೊರದೇಶದ ಹಣಕ್ಕೆ ಕಾಸುಕಾಸು ಲೆಕ್ಕ ಹಾಕುತ್ತಿದ್ದ ನಾಡಿಗೆ ಹೊಂದುವ ಗಾಡಿ ಚಿಕ್ಕದಾಗಿಯೇ ಇರಬೇಕಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಗಾದೆ ಕಾರ್ಖಾನೆಗೂ ಅನ್ವಯಿಸುತ್ತದೆ. ಪ್ರೀಮಿಯರ್‌ನವರು ಇಟಲಿಯ ತ್ಯೂರಿನ್ ನಗರದ ಫಿಯಾಟ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರು. ಮೊದಲು ಬಂದದ್ದು ಪುಟಾಣಿಯಾದ ಫಿಯಾಟ್ 500. ಅದರ ಹಿಂದೆ 1954ರಲ್ಲಿ ಫಿಯಾಟ್ 1100. ಅದೇ ಕಾಲದಲ್ಲಿ ಸರ್ಕಾರ, ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆಯಿರುವ ಕಂಪೆನಿಗಳು ಮಾತ್ರ ಉಳಿಯಬಹುದೆಂದು ನಿಯಮ ಮಾಡಿದ್ದರಿಂದ ಜನರಲ್ ಮೋಟಾರ್ಸೂ ಫೋರ್ಡೂ ಅಂಗಡಿ ಮುಚ್ಚಿಕೊಂಡು ಹೋದವು. ಕಣದಲ್ಲಿ ಉಳಿದವುಗಳಲ್ಲಿ ಮುಂಬಯಿಯ ಪ್ರತಿನಿಧಿ ಕುರ್ಲಾದ ಈ ಕಾರ್ಖಾನೆ.

ಈಗ ಆ 1100 ಎಂಬ ಅಂಕಿಯ ಬೆನ್ನು ಹಿಡಿದು ಇಟಲಿಗೆ ಹೋಗೋಣ. ಈ ಗಾಡಿಯ ಮೂಲಪುರುಷ 1937ರಲ್ಲಿ ಫಿಯಾಟ್ ಕಂಪೆನಿ ಹೊರತಂದ 508 ಸಿ ಎಂಬ ಕಾರು. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ನಡೆ 75 ಮಿಲಿಮೀಟರು. ಒಟ್ಟು ಗಾತ್ರ 1089 ಘನ ಸೆಂಟಿಮೀಟರು. ಶಕ್ತಿ 32 ಅಶ್ವಬಲ. ಅಂದಿನ ದೊಡ್ಡ ಗಾಡಿಗಳೆದುರು ಇದು ಬಡವರ ಮನೆಯ ಎಂಜಿನ್ನು. ಇದರ ವಿನ್ಯಾಸದಲ್ಲಿ ಮುಖ್ಯನಾದವನು ದಾಂತೆ ಜಕೋಸಾ ಎಂಬ ಎಂಜಿನಿಯರು. ಪುಟಾಣಿ ಫಿಯಾಟ್ 500 ಕೂಡ ಆತನ ಕೈಯ ಕೆಲಸವೇ. ಕಡಮೆ ಕಬ್ಬಿಣ, ಕಡಮೆ ಪೆಟ್ರೋಲು, ಕಡಮೆ ಬೆಲೆ — ಈ ಮೂರು ಕಟ್ಟುಪಾಡುಗಳೊಳಗೆ ಸುಖವಾಗಿ ಓಡುವ ಗಾಡಿಯನ್ನು ಹೇಗೆ ಕಟ್ಟಬೇಕೆಂಬುದೇ ಅವನ ತಪಸ್ಸು.

ಇಂಥ ಮನೆಮಂದಿಯ ಎಂಜಿನ್ನು ಪಂದ್ಯದ ಕಣಕ್ಕೆ ಇಳಿದದ್ದು ಹೇಗೆ? ಅದರ ಮೊದಲ ಕಥೆಯ ನಾಯಕ ಎಂಜೊ ಫೆರಾರಿ. ಇಂದು ಆ ಹೆಸರನ್ನು ಕೇಳದ ಹುಡುಗರಿಲ್ಲ. 1939ರಲ್ಲಿ ಆತ ಆಲ್ಫಾ ರೋಮಿಯೊ ಕಂಪೆನಿಯನ್ನು ಬಿಟ್ಟು ಹೊರಬಂದಾಗ ನಾಲ್ಕು ವರ್ಷ ತನ್ನ ಹೆಸರಿನಲ್ಲಿ ಪಂದ್ಯಕ್ಕೆ ಇಳಿಯಕೂಡದೆಂಬ ಕರಾರಿತ್ತು. ಆದ್ದರಿಂದ ಮೊಡೆನಾ ನಗರದಲ್ಲಿ ಬೇರೊಂದು ಹೆಸರಿನ ಕಾರ್ಯಾಗಾರ ತೆರೆದ. ಆ ವರ್ಷದ ಕೊನೆಯಲ್ಲಿ ಲೊತಾರಿಯೊ ರಂಗೋನಿ ಎಂಬ ಶ್ರೀಮಂತನೂ, ಆಲ್ಬರ್ಟೊ ಅಸ್ಕಾರಿ ಎಂಬ ತರುಣನೂ ಮುಂದಿನ ವಸಂತದ ಪಂದ್ಯಕ್ಕೆ ಗಾಡಿಗಳನ್ನು ಕಟ್ಟಿಕೊಡಬೇಕೆಂದು ಕೇಳಿದರು. ಉಳಿದಿದ್ದುದು ನಾಲ್ಕೇ ತಿಂಗಳು. ಹೊಸದಾಗಿ ಎಲ್ಲವನ್ನೂ ಮಾಡಲು ಸಮಯವೂ ಇಲ್ಲ, ಹಣವೂ ಇಲ್ಲ. ಫೆರಾರಿಯ ಬಳಗ ಕೈಯಿಟ್ಟದ್ದು ಫಿಯಾಟ್ 1100ರ ಮೇಲೆ. ಎರಡು ಫಿಯಾಟ್ ಎಂಜಿನ್ನುಗಳ ತಲೆಭಾಗಗಳನ್ನು ಸಾಲಾಗಿ ಇರಿಸಿ, ಅವುಗಳ ಕೆಳಗೆ ಹಗುರ ಲೋಹದ ಹೊಸ ಮೈಯನ್ನು ಎರಕ ಹೊಯ್ಯಿಸಿ, ಎಂಟು ಸಿಲಿಂಡರುಗಳ, 1496 ಘನ ಸೆಂಟಿಮೀಟರಿನ ಎಂಜಿನ್ನನ್ನು ಕಟ್ಟಿದರು. ಗಾಡಿಯ ಅಡಿಗಟ್ಟೂ ಫಿಯಾಟಿನದೇ. ಎಂಟು ಸಿಲಿಂಡರು, ಒಂದೂವರೆ ಲೀಟರು ಎಂಬುದರಿಂದ ಗಾಡಿಗೆ 815 ಎಂದೇ ಹೆಸರಾಯಿತು. ಶಕ್ತಿ ಸುಮಾರು 75 ಅಶ್ವಬಲ; ವೇಗ ಗಂಟೆಗೆ 170 ಕಿಲೋಮೀಟರಿನ ಸಮೀಪ.

1940ರ ಏಪ್ರಿಲ್ 28ರಂದು ಬ್ರೆಶಾ ನಗರದ ಸುತ್ತಣ ರಸ್ತೆಗಳಲ್ಲಿ ಪಂದ್ಯ. ಯೂರೋಪಿನಲ್ಲಿ ಯುದ್ಧ ಆಗಲೇ ಹೊತ್ತಿಕೊಂಡಿತ್ತು. ಇಟಲಿ ಅದಕ್ಕೆ ಧುಮುಕಲು ಇನ್ನು ಆರೇ ವಾರ. ಅಸ್ಕಾರಿ ಮೊದಲ ಸುತ್ತಿನಲ್ಲಿ ತನ್ನ ವರ್ಗದಲ್ಲಿ ಮುಂದಿದ್ದ. ಅಷ್ಟರಲ್ಲಿ ಎಂಜಿನ್ನಿನ ಒಂದು ಭಾಗ ಮುರಿದು ನಿಂತುಬಿಟ್ಟ. ಆಮೇಲೆ ಮುಂದಾದ ರಂಗೋನಿಯ ಗಾಡಿಯೂ ಏಳನೆಯ ಸುತ್ತಿನಲ್ಲಿ ಕೆಟ್ಟು ನಿಂತಿತು. ಎರಡೂ ಗುರಿ ಮುಟ್ಟಲಿಲ್ಲ. ಮುಂದೆ ಅಸ್ಕಾರಿ 1952 ಮತ್ತು 1953ರಲ್ಲಿ ಫೆರಾರಿಯ ಗಾಡಿಗಳಲ್ಲಿಯೇ ವಿಶ್ವವಿಜೇತನಾದ. 1947ರಲ್ಲಿ, ಅಂದರೆ ಕುರ್ಲಾದಿಂದ ಮೊದಲ ಗಾಡಿ ಹೊರಬಿದ್ದ ವರ್ಷದಲ್ಲಿಯೇ, ಫೆರಾರಿ ತನ್ನ ಸ್ವಂತ ಹೆಸರಿನ ಮೊದಲ ಕಾರನ್ನು ಹೊರತಂದ. ಆದರೆ ಆ ಮಹಾಸಂಸ್ಥೆಯ ಮೊದಲ ಹೆಜ್ಜೆ ಸಾಧಾರಣ ಫಿಯಾಟಿನ ಎಂಜಿನ್ ಭಾಗಗಳ ಮೇಲೆ ಬಿದ್ದಿತ್ತು ಎಂಬುದು ನಿಂತ ಮಾತು.

ಎರಡನೆಯ ಕಥೆ ಇನ್ನೂ ಹತ್ತಿರದ್ದು. ಯುದ್ಧ ಮುಗಿಯುವ ಹೊತ್ತಿಗೆ ತ್ಯೂರಿನ್ನಿನ ಪಿಯೆರೊ ಡೂಸಿಯೊ ಎಂಬ ಉದ್ಯಮಿಗೆ, ಕಡಮೆ ಬೆಲೆಯ ಪಂದ್ಯದ ಗಾಡಿಗಳನ್ನು ಕಟ್ಟಿ ಅನೇಕ ಮಂದಿ ಓಟಗಾರರಿಗೆ ಒದಗಿಸಬೇಕೆಂಬ ಹಂಬಲ ಹುಟ್ಟಿತು. ಅದಕ್ಕೆ ನಕ್ಷೆ ಬರೆಯಲು ಅವನು ಮೊರೆಹೊಕ್ಕದ್ದು ಮತ್ತಾರನ್ನೂ ಅಲ್ಲ, ನಮ್ಮ ಜಕೋಸಾನನ್ನೇ. ಫಿಯಾಟಿನ ಕೆಲಸ ಮುಗಿದ ಮೇಲಿನ ಬಿಡುವಿನಲ್ಲಿ ಜಕೋಸಾ ತನ್ನ 1100ರ ಎಂಜಿನ್ನನ್ನೇ ತೆಗೆದುಕೊಂಡು, ಉಕ್ಕಿನ ಸಣ್ಣ ಕೊಳವೆಗಳ ಹಂದರದೊಳಗೆ ಕೂರಿಸಿ, ಒಬ್ಬನೇ ಕೂರಬಲ್ಲ ಹಗುರವಾದ ಗಾಡಿಯೊಂದನ್ನು ರೂಪಿಸಿದ. ಅದೇ ಚಿಸಿತಾಲಿಯಾ ಡಿ 46. 1946ರ ಸೆಪ್ಟೆಂಬರ್ 3ರಂದು ತ್ಯೂರಿನ್ನಿನ ಪಂದ್ಯದಲ್ಲಿ ಇವು ಮೊದಲ ಬಾರಿಗೆ ಇಳಿದು ಜಯ ಗಳಿಸಿದವು. ಗೆದ್ದವನು ಡೂಸಿಯೊ ತಾನೇ. ಅದೇ ಪಂದ್ಯದಲ್ಲಿ ಓಟಗಾರರ ಕುಲಗುರುವೆನಿಸಿದ ತಾತ್ಸಿಯೊ ನುವೊಲಾರಿಯ ಗಾಡಿಯ ಸ್ಟೀರಿಂಗ್ ಚಕ್ರ ಕಳಚಿ ಕೈಗೆ ಬಂದಿತು. ಐವತ್ತು ದಾಟಿದ ಆ ವೀರ ಚಕ್ರವನ್ನು ಒಂದು ಕೈಯಲ್ಲೆತ್ತಿ ತೋರಿಸುತ್ತ, ಬೋಳು ಕಂಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಗಾಡಿ ಓಡಿಸಿದನೆಂಬುದು ಇಂದಿಗೂ ಮೋಟಾರು ಪ್ರೇಮಿಗಳು ಬಾಯಿ ಚಪ್ಪರಿಸಿ ಹೇಳುವ ಪ್ರಸಂಗ.

ಈಗ ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡೋಣ. ಒಂದು ತಟ್ಟೆಯಲ್ಲಿ ಡಿ 46; ಇನ್ನೊಂದರಲ್ಲಿ ಕುರ್ಲಾದ ಫಿಯಾಟ್. ಎರಡರ ಎಂಜಿನ್ನಿನ ಗಾತ್ರವೂ ಅದೇ 1089 ಘನ ಸೆಂಟಿಮೀಟರು. ಪಂದ್ಯದ ಗಾಡಿ ಸುಮಾರು 60 ಅಶ್ವಬಲ ಕೊಡುತ್ತಿತ್ತು. ಕುರ್ಲಾದ್ದು ಸುಮಾರು 40. ಪಂದ್ಯದ ಗಾಡಿಯ ತೂಕ 400 ಕಿಲೋಗ್ರಾಮಿಗಿಂತ ಕಡಮೆ. ಕುರ್ಲಾದ್ದು 900ರ ಹತ್ತಿರ. ಎಂದರೆ, ಅಲ್ಲಿ ಒಂದು ಅಶ್ವಬಲ ಆರೇಳು ಕಿಲೋಗ್ರಾಮನ್ನು ಎಳೆದರೆ ಸಾಕು. ಇಲ್ಲಿ ಇಪ್ಪತ್ತೆರಡನ್ನು ಎಳೆಯಬೇಕು. ಅದೂ ಗಾಡಿ ಖಾಲಿಯಿದ್ದಾಗ. ಚಾಲಕ, ನಾಲ್ವರು ಪ್ರಯಾಣಿಕರು, ಮೇಲಿನ ಕ್ಯಾರಿಯರಿನಲ್ಲಿ ಊರಿಗೆ ಹೊರಟವರ ಟ್ರಂಕು, ಹಾಸಿಗೆ ಸುರುಳಿ ಇವೆಲ್ಲ ಸೇರಿದರೆ ಲೆಕ್ಕವೇ ಬೇರೆ.

ಒಂದೇ ಎಂಜಿನ್ನಿನಿಂದ ಅಲ್ಲಿ ಹೆಚ್ಚು ಶಕ್ತಿ ಬಂದದ್ದು ಹೇಗೆಂದು ವಾಚಕರು ಕೇಳಬಹುದು. ಇದರಲ್ಲಿ ಮಾಯವೇನೂ ಇಲ್ಲ. ಪೆಟ್ರೋಲೂ ಗಾಳಿಯೂ ಬೆರೆತ ಮಿಶ್ರಣವನ್ನು ಸಿಲಿಂಡರಿನೊಳಗೆ ಇನ್ನಷ್ಟು ಒತ್ತಿ ಇಕ್ಕಟ್ಟಿಗೆ ಸಿಕ್ಕಿಸಿದರೆ ಸ್ಫೋಟದ ಬಲ ಹೆಚ್ಚುತ್ತದೆ. ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಿದರೆ ಎಂಜಿನ್ನು ಹೆಚ್ಚು ಉಸಿರೆಳೆದುಕೊಳ್ಳುತ್ತದೆ, ಹೆಚ್ಚು ವೇಗವಾಗಿ ತಿರುಗುತ್ತದೆ. ಆದರೆ ಯಂತ್ರಲೋಕದಲ್ಲಿ ಯಾವುದೂ ಪುಕ್ಕಟೆ ಬರುವುದಿಲ್ಲ. ಒತ್ತಡ ಹೆಚ್ಚಾದರೆ ಉತ್ತಮ ದರ್ಜೆಯ ಪೆಟ್ರೋಲು ಬೇಕು. ಬಿಸಿ ಹೆಚ್ಚಾದರೆ ವಾಲ್ವು ಸುಡುತ್ತದೆ. ತಿರುಗುವ ವೇಗ ಹೆಚ್ಚಾದರೆ ಬೇರಿಂಗು ಸವೆಯುತ್ತದೆ. ಅಂಥ ಎಂಜಿನ್ನು ನಿಧಾನವಾಗಿ ಹೋಗಲು ಒಪ್ಪುವುದಿಲ್ಲ. ಭಾಯಖಳಾದಿಂದ ಪರಳದವರೆಗೆ ಬಸ್ಸಿನ ಹಿಂದೆ ತೆವಳುವ ಕೆಲಸಕ್ಕೆ ಅದನ್ನು ಹಚ್ಚಿದರೆ ಕೆಮ್ಮಿ ನಿಲ್ಲುವುದೇ ಸರಿ. ಓಟಗಾರನ ಗಾಡಿಗೆ ಒಂದು ಮಧ್ಯಾಹ್ನದ ಆಯುಸ್ಸು ಸಾಕು. ಪಂದ್ಯ ಮುಗಿದ ಮೇಲೆ ಬಿಚ್ಚಿ ಕಟ್ಟಲು ಕುಶಲಿಗಳ ತಂಡ ಕಾದಿರುತ್ತದೆ.

ಕುರ್ಲಾದ ಗಾಡಿಗೆ ಕೇಳಿದ ಪ್ರಶ್ನೆಯೇ ಬೇರೆ. ಜೂನ್ ತಿಂಗಳ ಮಳೆಯಲ್ಲಿ ಹಿಂದಮಾತಾದ ಬಳಿ ಚಕ್ರ ಮುಳುಗುವಷ್ಟು ನೀರು ನಿಂತಾಗ ದಾಟಬಲ್ಲೆಯಾ? ಹಗಲು ಒಬ್ಬ, ರಾತ್ರಿ ಒಬ್ಬ ಚಾಲಕ ಹಿಡಿದರೆ ಎರಡು ಪಾಳಿಯನ್ನೂ ತಾಳುವೆಯಾ? ದೊಡ್ಡ ಕಾರ್ಯಾಗಾರವಿಲ್ಲದೆ, ಫುಟ್‌ಪಾತಿನ ಅಂಚಿನಲ್ಲಿ ಕುಳಿತ ಮಿಸ್ತ್ರಿಯ ಪಾನಾ, ಸುತ್ತಿಗೆಗಳಿಂದಲೇ ಗುಣವಾಗುವೆಯಾ? ಇವೆಲ್ಲಕ್ಕೂ ಅದು ಹೌದೆಂದು ಉತ್ತರ ಕೊಟ್ಟಿತು. ಗೇರಿನ ಸನ್ನೆ ಸ್ಟೀರಿಂಗಿನ ಕಂಬಕ್ಕೇ ಸೇರಿದ್ದರಿಂದ ಮುಂದಿನ ಆಸನ ಬೆಂಚಿನಂತೆ ಉದ್ದಕ್ಕೂ ಚಾಚಿಕೊಂಡಿತ್ತು. ಹಿಂದಿನ ಉಕ್ಕಿನ ಪಟ್ಟಿಗಳು ಭಾರ ಹೊರಲೆಂದೇ ಹುಟ್ಟಿದವು. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳಲ್ಲಿ ಅದರ ಯಾವ ಭಾಗ ಬೇಕೆಂದರೂ, ಹೊಸದೋ ಹಳೆಯದೋ, ಸಿಗುತ್ತಿತ್ತು. ಈ ನಗರದ ದ್ವೀಪಭಾಗದಲ್ಲಿ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ. ಸಯನ್, ಮಾಹಿಮ್‌ಗಳ ಆಚೆಯೇ ಅವುಗಳ ರಾಜ್ಯ. ಈಚೆಗೆ ಬಂದ ಮೇಲೆ ಆಸ್ಪತ್ರೆಗೆ ಹೋಗುವ ಗರ್ಭಿಣಿಗೂ, ದಾದರ್ ಸ್ಟೇಷನ್ನಿನಲ್ಲಿ ಇಳಿದ ಹೊಸಬನಿಗೂ, ಮಾಟುಂಗದ ಮದುವೆಗೆ ಹೊರಟ ಬೀಗರಿಗೂ ಕಪ್ಪು ಮೈ, ಹಳದಿ ತಲೆಯ ಟ್ಯಾಕ್ಸಿಯೇ ಗತಿ. ಉಡುಪಿ ಹೋಟೆಲಿನ ರೈಸ್‌ಪ್ಲೇಟಿನಂತೆ ಅದು: ಹಬ್ಬದ ಊಟವಲ್ಲ, ಆದರೆ ನಗರ ಹಸಿದಿರಲಿಲ್ಲ.

ಹಾಗೆಂದು ಈ ಗಾಡಿ ಪಂದ್ಯದ ಹಂಬಲವನ್ನು ಪೂರ್ತಿ ತೊರೆದಿತ್ತೆಂದು ತಿಳಿಯಬಾರದು. ಮದರಾಸಿನ ಬಳಿಯ ಶೋಳವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನಪಥದ ಮೇಲೆ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ದಶಕಗಟ್ಟಲೆ ನಡೆಸಿದ ಓಟಗಳಲ್ಲಿ ಫಿಯಾಟುಗಳು ಓಡಿದವು. ನಮ್ಮ ಕರ್ನಾಟಕದ ಕೆ-1000 ರ‍್ಯಾಲಿಯಂಥ ದೂರದ ಓಟಗಳ ಮಣ್ಣುದಾರಿಗಳಲ್ಲಿಯೂ ಅವು ಧೂಳೆಬ್ಬಿಸಿದವು. ವಾರವೆಲ್ಲ ಆಫೀಸಿಗೆ ಒಯ್ದ ಕಾರನ್ನೇ ಒಳಗಿನ ಆಸನಗಳನ್ನು ಕಿತ್ತು, ಎಂಜಿನ್ನಿನ ತಲೆಯನ್ನು ಅರೆದು, ಭಾನುವಾರ ಪಂದ್ಯಕ್ಕೆ ಇಳಿಸಿದ ಉತ್ಸಾಹಿಗಳು ನಮ್ಮಲ್ಲಿದ್ದರು. ಜಕೋಸಾ ತ್ಯೂರಿನ್ನಿನಲ್ಲಿ ಮಾಡಿದ್ದನ್ನೇ ನಮ್ಮ ಮಿಸ್ತ್ರಿಗಳು ಗ್ಯಾರೇಜಿನ ಹಿಂಬದಿಯಲ್ಲಿ ತಮಗೆ ತಿಳಿದಷ್ಟು ಮಾಡಿದರು.

ಇಲ್ಲಿಗೆ ನಿಲ್ಲಿಸಿದರೆ ಇದು ಬರಿಯ ಹೊಗಳಿಕೆಯಾದೀತು. ಇತಿಹಾಸ ಇನ್ನೊಂದು ಮಾತನ್ನೂ ಹೇಳುತ್ತದೆ. ಅದನ್ನು ಮುಚ್ಚಿಡುವುದು ತರವಲ್ಲ. ಇಟಲಿಯಲ್ಲಿ ಫಿಯಾಟ್ 1100 ಎಂಬ ಗಾಡಿ 1969ರಲ್ಲಿ ಮುಗಿಯಿತು. ಅದರ ಜಾಗಕ್ಕೆ ಬಂದದ್ದು ಮುಂಚಕ್ರಗಳಿಂದ ನಡೆಯುವ ಹೊಸ ಬಗೆಯ 128. ಅದರ ಹಿಂದಿದ್ದವನೂ ಜಕೋಸಾನೇ. ತಾನು ಹೆತ್ತದ್ದನ್ನು ತಾನೇ ನಿವೃತ್ತಿಗೊಳಿಸಿ ಮುಂದೆ ಹೋಗುವ ಧೈರ್ಯ ಆತನಿಗಿತ್ತು. ಕುರ್ಲಾದಲ್ಲಾದರೋ, 1964ರಲ್ಲಿ ಬಂದ ಡಿಲೈಟ್ ಎಂಬ ಮಾದರಿಯ ಮೈಕಟ್ಟೇ ಶತಮಾನ ತಿರುಗುವ ತನಕ ಮುಂದುವರಿಯಿತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆದ ಬೆನ್ನಿಗೇ, 1974ರಲ್ಲಿ, ಈ ಗಾಡಿಗೂ ಪ್ರೀಮಿಯರ್ ಪದ್ಮಿನಿ ಎಂಬ ಹೊಸ ಹೆಸರು ಬಂದಿತು. ಹೆಸರು ಹೊಸದಾಯಿತೇ ಹೊರತು ಒಳಗಿನ ಯಂತ್ರ ಹಳೆಯದೇ.

ಕಾರಣ ಸ್ಪಷ್ಟ. ದೇಶದಲ್ಲಿ ಕಾರು ಮಾಡುವವರು ಬೆರಳೆಣಿಕೆಯಷ್ಟು. ಎಷ್ಟು ಮಾಡಬೇಕೆಂಬುದಕ್ಕೂ ಸರ್ಕಾರದ ಪರವಾನಗಿ. ಹೊರಗಿನಿಂದ ಕಾರು ತರಿಸಲು ಅಡ್ಡಗೋಡೆ. ಕೊಳ್ಳುವವರು ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯುತ್ತಿದ್ದಾಗ ಮಾರುವವನಿಗೆ ಗಾಡಿಯನ್ನು ತಿದ್ದುವ ಅಗತ್ಯವೇನಿದೆ? ನೇಗಿಲಿನ ಕೋಣಕ್ಕೆ ಕಂಬಳದ ಗಾಳಿಯೇ ಸೋಂಕದಿದ್ದರೆ ಅದರ ತಳಿ ಸುಧಾರಿಸುವುದಿಲ್ಲ. ಪಂದ್ಯವೆಂಬುದು ವ್ಯರ್ಥ ವೈಭವವಲ್ಲ. ಯಂತ್ರದ ಬಲಹೀನ ಭಾಗ ಯಾವುದೆಂದು ಒಂದೇ ದಿನದಲ್ಲಿ ತೋರಿಸಿಕೊಡುವ ಪರೀಕ್ಷೆ ಅದು. ಬ್ರೆಶಾದಲ್ಲಿ 815 ಕೆಟ್ಟು ನಿಂತದ್ದೇ ಫೆರಾರಿಗೆ ಪಾಠವಾಯಿತು. ನಮ್ಮಲ್ಲಿ ಪಂದ್ಯ ನಡೆದದ್ದು ಭಾನುವಾರಗಳಲ್ಲಿ, ಮಾರುಕಟ್ಟೆಯಲ್ಲಿ ನಡೆಯಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಆ ಪಂದ್ಯ ಆರಂಭವಾಯಿತು. ಹತ್ತಾರು ವರ್ಷ ಗೋಡೆಯ ನೆರಳಿನಲ್ಲಿದ್ದ ಪದ್ಮಿನಿಗೆ ಆ ವೇಗಕ್ಕೆ ಹೆಜ್ಜೆ ಹಾಕಲಾಗಲಿಲ್ಲ. ಮನೆಮನೆಗಳಿಂದ ಅದು ಹಿಂದೆ ಸರಿದು ಟ್ಯಾಕ್ಸಿ ಚಾಲಕರ ಕೈಯಲ್ಲಿ ಮಾತ್ರ ಉಳಿಯಿತು.

ಅದರ ಮುಂದಿನ ದಿನಗಳು ಮುದುಕನ ದಿನಗಳು. ಹೊಗೆಯ ಪಿಡುಗಿನ ವಿರುದ್ಧ ನ್ಯಾಯಾಲಯದವರೆಗೆ ದೂರು ಹೋಗಿ, ಈ ಶತಮಾನದ ಆರಂಭದಲ್ಲಿ ಟ್ಯಾಕ್ಸಿಗಳು ಪೆಟ್ರೋಲು ಡೀಸೆಲು ಬಿಟ್ಟು ಸಿ.ಎನ್.ಜಿ. ಅನಿಲಕ್ಕೆ ಹೊರಳಿದವು. ಡಿಕ್ಕಿಯ ಅರ್ಧ ಜಾಗವನ್ನು ಅನಿಲದ ಸಿಲಿಂಡರು ಆಕ್ರಮಿಸಿತು. ಟ್ಯಾಕ್ಸಿಗಳ ಆಯುಸ್ಸಿಗೆ 2008ರಲ್ಲಿ 25 ವರ್ಷದ ಮಿತಿ, 2013ರಲ್ಲಿ 20 ವರ್ಷದ ಮಿತಿ ವಿಧಿಸಲಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿ, 2023ರ ಅಕ್ಟೋಬರ್ 30ರಿಂದ ಮುಂಬಯಿಯ ಬಾಡಿಗೆ ಬೀದಿಗಳಲ್ಲಿ ಪದ್ಮಿನಿಗೆ ಅವಕಾಶವಿಲ್ಲದಾಯಿತು. ಹಳೆಯ ಡೀಸೆಲ್ ಡಬಲ್ ಡೆಕರ್ ಬಸ್ಸುಗಳು ವಿದಾಯ ಹೇಳಿ ಆರು ವಾರವಷ್ಟೇ ಆಗಿತ್ತು. ಎರಡು ದಿನ ಕಳೆದು ನಾವು ಕರ್ನಾಟಕ ನಾಮಕರಣದ ಐವತ್ತನೆಯ ವರ್ಷದ ರಾಜ್ಯೋತ್ಸವವನ್ನು ಆಚರಿಸಿದೆವು. ಕುರ್ಲಾದಲ್ಲಿ ಕಾರ್ಖಾನೆಯಿದ್ದ ನೆಲದ ಮೇಲೆ ಆ ವೇಳೆಗೆ ವಸತಿ ಕಟ್ಟಡಗಳು ಎದ್ದು ನಿಂತಿದ್ದವು.

ಈಗ ಮೊದಲು ಎತ್ತಿದ ಮಾತಿಗೆ ಉತ್ತರ ಹುಡುಕೋಣ. 815 ಎಂಬ ಪಂದ್ಯದ ಗಾಡಿಗಳು ಎರಡೇ ಹುಟ್ಟಿದವು. ತಾವು ಇಳಿದ ಆ ಪಂದ್ಯದಲ್ಲಿ ಎರಡೂ ಸೋತವು. ಒಂದು ಗುಜರಿಗೆ ಹೋಯಿತು. ಇನ್ನೊಂದನ್ನು ಇಟಲಿಯವರು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದರು. ಅದರ ಪ್ರತಿಯೊಂದು ತಿರುಪಿನ ಚರಿತ್ರೆಯನ್ನೂ ಪಂಡಿತರು ಬರೆದಿಟ್ಟಿದ್ದಾರೆ. ಪದ್ಮಿನಿಗಳು ಸಾವಿರಾರು ಹುಟ್ಟಿದವು. ದಿನದಿನವೂ ತಮ್ಮ ಪಂದ್ಯವನ್ನು ಗೆದ್ದು ಮನೆ ಸೇರಿದವು. ಅವುಗಳಲ್ಲಿ ಒಂದನ್ನಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿಸಿರೆಂದು ಟ್ಯಾಕ್ಸಿ ಚಾಲಕರ ಸಂಘದವರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ್ದರು. ಕೊನೆಯ ಗಾಡಿ ಬೀದಿಯಿಂದ ಸರಿದ ದಿನದವರೆಗೂ ಅದು ಫಲಿಸಿರಲಿಲ್ಲ.

ಅಪರೂಪವಾದದ್ದನ್ನು ಕಾಪಾಡುವುದು ಸುಲಭ. ಅದರ ಬೆಲೆಯೇ ಅದನ್ನು ಕಾಪಾಡುತ್ತದೆ. ಎಲ್ಲೆಲ್ಲಿಯೂ ಇದ್ದದ್ದನ್ನು ಯಾರೂ ಎತ್ತಿಡುವುದಿಲ್ಲ, ನಾಳೆಯೂ ಇದ್ದೇ ಇರುತ್ತದೆಂಬ ಭರವಸೆಯಿಂದ. ನಮ್ಮ ಅಜ್ಜಿಯರ ಒರಳು, ಬೀಸುಕಲ್ಲುಗಳು ಹೋದದ್ದೂ ಹೀಗೆಯೇ. ಯಂತ್ರಗಳ ವಿಷಯದಲ್ಲಿ ಈ ಅಲಕ್ಷ್ಯ ಇನ್ನೂ ಹೆಚ್ಚಿನ ನಷ್ಟ. ಒಂದು ಗಾಡಿ ಮಾಯವಾದರೆ ಅದರೊಡನೆ ಅದನ್ನು ಕಟ್ಟಿದ ಕೈಗಳ ಕಥೆ, ದುರಸ್ತಿ ಮಾಡಿದವರ ಜಾಣ್ಮೆ, ಓಡಿಸಿದವರ ದುಡಿಮೆ ಎಲ್ಲವೂ ಮಾಯವಾಗುತ್ತದೆ. ವಿಶ್ವೇಶ್ವರಯ್ಯನವರು ಬಯಸಿದ್ದು ಬರಿಯ ಗಾಡಿಯನ್ನಲ್ಲ. ಗಾಡಿ ಕಟ್ಟಬಲ್ಲ ಜನರನ್ನು. ಆ ಜನ ಕುರ್ಲಾದಲ್ಲಿ ತಯಾರಾದರು. ಅವರ ವಿದ್ಯೆ ನಿಂತಲ್ಲೇ ನಿಂತದ್ದು ನಮ್ಮ ನೀತಿಯ ದೋಷ, ಅವರ ಕೈಯ ದೋಷವಲ್ಲ.

ಮುಂಬಯಿಯ ಕನ್ನಡಿಗರಾದ ನಾವು ಇದರಲ್ಲಿ ಮಾಡಬಹುದಾದದ್ದು ಏನು? ವಸ್ತುಸಂಗ್ರಹಾಲಯ ಕಟ್ಟುವ ಶಕ್ತಿ ನಮ್ಮ ಸಂಘಗಳಿಗೆ ಇಲ್ಲದಿರಬಹುದು. ಆದರೆ ನಮ್ಮ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ, ಮದುಮಕ್ಕಳ ಹಿಂದೆ, ಹೂಮಾಲೆ ಹೊತ್ತು ನಿಂತ ಫಿಯಾಟು ಖಂಡಿತವಾಗಿಯೂ ಇದ್ದೀತು. ಅದರ ಇಸವಿ, ಸ್ಥಳಗಳನ್ನು ಹಿಂಬದಿಯಲ್ಲಿ ಬರೆದಿಡೋಣ. ಕುರ್ಲಾದ ಕಾರ್ಖಾನೆಯಲ್ಲಿ ದುಡಿದ, ಟ್ಯಾಕ್ಸಿ ಓಡಿಸಿದ, ಗ್ಯಾರೇಜು ನಡೆಸಿದ ಹಿರಿಯರು ನಮ್ಮ ನಡುವೆ ಇದ್ದರೆ ಅವರನ್ನು ಒಂದು ಸಂಜೆ ಸಂಘದ ವೇದಿಕೆಗೆ ಕರೆದು ಮಾತಾಡಿಸೋಣ, ಅವರ ಮಾತನ್ನು ಬರೆದುಕೊಳ್ಳೋಣ. ಮಕ್ಕಳು ಫೆರಾರಿಯ ಆಟಿಕೆಯನ್ನು ಹಿಡಿದು ಬಂದಾಗ, ಆ ಕೆಂಪು ಗಾಡಿಯ ಮುತ್ತಜ್ಜನೂ ನಮ್ಮ ಕಪ್ಪು ಹಳದಿ ಟ್ಯಾಕ್ಸಿಯ ಮುತ್ತಜ್ಜನೂ ಒಬ್ಬನೇ ಎಂದು ಹೇಳಿಕೊಡೋಣ. ಜೊತೆಗೆ, ಮುಂಬಯಿಯಲ್ಲಿ ಮೋಟಾರು ಕಟ್ಟಬೇಕೆಂದು ಮುಪ್ಪಿನ ವಯಸ್ಸಿನಲ್ಲಿ ಹಡಗೇರಿದ ಮುದ್ದೇನಹಳ್ಳಿಯ ಹಿರಿಯರೊಬ್ಬರ ಹೆಸರನ್ನೂ ಅವರ ಕಿವಿಗೆ ಹಾಕೋಣ.